ಎಂಟನೆಯ ದಿನದ ಆಕಳಿಕೆ

ಪಂಢರಿನಾಥರಾಯರು ಡಾಕ್ಟರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಪುಣೆಯ ಸದಾಶಿವ ಪೇಠೆಯಲ್ಲಿ, ಏಕನಾಥಪಂತರ ವಾಡೆ ಎಂಬ ವಠಾರದಲ್ಲಿ ಯಾರನ್ನು ಕೇಳಿದರೂ ಅವರು ಡಾಕ್ಟರೇ ಎನ್ನುತ್ತಿದ್ದರು. ಧಾರವಾಡದಿಂದ ಬಂದು ರೈಲಿನ ಮಾಲು ಕಚೇರಿಯಲ್ಲಿ ಕಾರಕೂನರಾಗಿದ್ದ ರಾಯರ ಕೈಗೆ, ವಿಲಾಯತಿಗೆ ಮರಳುತ್ತಿದ್ದ ಗಾರ್ಡ್ ಸಾಹೇಬನೊಬ್ಬ ಬಿಟ್ಟುಹೋದ ದಪ್ಪನೆಯ ಇಂಗ್ಲಿಷ್ ವೈದ್ಯಪುಸ್ತಕ ಸಿಕ್ಕಿತ್ತು. ಮೊದಲಿನ ನಲವತ್ತು ಪುಟಗಳನ್ನು ಇಲಿ ತಿಂದಿತ್ತು. ಉಳಿದದ್ದರಲ್ಲಿ ಅರ್ಧ ರಾಯರಿಗೆ ತಿಳಿಯುತ್ತಿರಲಿಲ್ಲ. ತಿಳಿದ ಅರ್ಧವೇ ಇಡೀ ವಾಡೆಯನ್ನು ಹೆದರಿಸಲು ಬೇಕಾದಷ್ಟಾಗಿತ್ತು.

ಹೆದರುವುದಕ್ಕೆ ಕಾರಣವೂ ಇತ್ತು. ಹೊಸ ಶತಮಾನ ಶುರುವಾಗಿ ನಾಲ್ಕೋ ಐದೋ ವರ್ಷ. ಪುಷ್ಯಮಾಸದ ಚಳಿಯ ಬೆನ್ನಿಗೆ ಪುಣೆಗೆ ಮತ್ತೆ ಪ್ಲೇಗು ಬಂದಿತ್ತು. ಒಂದು ಮನೆಯಲ್ಲಿ ಒಬ್ಬನಿಗೆ ಬೇನೆ ಕಂಡಿತೋ, ಅವನು ಗಾಡಿಯಲ್ಲಿ ಆಸ್ಪತ್ರೆಗೆ. ಮನೆಮಂದಿ ಕಾತ್ರಜದ ದಾರಿಯ ಬಯಲಿನಲ್ಲಿ ಹಾಕಿದ್ದ ತಟ್ಟಿಯ ಜೋಪಡಿಗಳಿಗೆ. ಹೋದವರು ಹೇಗೆ ಮರಳುತ್ತಾರೆ, ಎಷ್ಟು ಜನ ಮರಳುತ್ತಾರೆ ಎಂಬುದನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ರಾಯರ ಮನೆಯಲ್ಲಿ ಹೆಂಡತಿ ನರ್ಮದಾ ಎಂಟು ದಿನದ ಬಾಣಂತಿ. ತವರಿಗೆ ಕಳಿಸೋಣವೆಂದರೆ ಹುಬ್ಬಳ್ಳಿಯಲ್ಲೂ ಪ್ಲೇಗು. ಹಾಗಾಗಿ ಹೆರಿಗೆ ಇಲ್ಲಿಯೇ ಆಗಿ, ಗಂಡುಮಗು ಹುಟ್ಟಿ, ಬಾಣಂತಿಯನ್ನೂ ಮಗುವನ್ನೂ ನೋಡಿಕೊಳ್ಳಲು ರಾಯರ ಸೋದರತ್ತೆ ರಂಗೂಬಾಯಿ ಬಂದಿದ್ದರು. ಎಂಟು ದಿನದ ಕೂಸನ್ನು ಚಳಿಗಾಳಿಯ ಬಯಲಿಗೆ ಒಯ್ಯುವುದೆಂದರೆ ಏನೆಂದು ರಾಯರಿಗೆ ಪುಸ್ತಕ ನೋಡದೆಯೇ ಗೊತ್ತಿತ್ತು.

ಆ ದಿನ ಬೆಳಿಗ್ಗೆ ರಾಯರು ವಾಡೆಯ ಕಟ್ಟೆಯ ಮೇಲೆ ಕೂತು ಪ್ಲೇಗಿನ ಲಕ್ಷಣಗಳನ್ನು ವಿವರಿಸುತ್ತಿದ್ದರು. ವಾಡೆಯ ಮಾಲಕ ಏಕನಾಥಪಂತರು ಎದುರಿಗೆ ಕೂತಿದ್ದರು. ಪಂತರ ತಾಯಿ ಬೆಳಗಾವಿಯವರು. ಅದರಿಂದ ಪಂತರು ಕನ್ನಡದಲ್ಲಿಯೂ ಹೆದರಬಲ್ಲವರಾಗಿದ್ದರು. ಪಕ್ಕದಲ್ಲಿ ರಬಕವಿಯ ಸೀರೆ ವ್ಯಾಪಾರಿ ಶಿವಪುತ್ರಪ್ಪ ಬಾಯಿ ಬಿಟ್ಟು ಕೇಳುತ್ತಿದ್ದ. ವಾಡೆಯ ಉಳಿದವರು ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು.

"ಮೊದಲನೇದು, ಮಾತು ಹೋಗತದ," ಎಂದು ರಾಯರು ಒಂದು ಬೆರಳು ಮಡಿಚಿದರು. "ಕುಡದವರ ಹಂಗ ತೊದಲತಾರ. ಎರಡನೇದು, ಬಾಯಾಗಿಂದ ಜೊಲ್ಲು. ಮೂರನೇದು, ಕೈಕಾಲು ನಡುಕ. ನಾಲ್ಕನೇದು, ಗಂಟು. ಬಗಲಾಗ ಬರಬಹುದು, ತೊಡಿ ಸಂದಿನಾಗ ಬರಬಹುದು. ಕಿವಿ ಹತ್ರ ಬಂತಂದ್ರ ಮುಗೀತು."

"ಕಿವಿ ಹತ್ರ ಬಂದ್ರ ಎಷ್ಟು ದಿವಸ್ರಿ?" ಎಂದ ಶಿವಪುತ್ರಪ್ಪ.

"ದಿವಸ ಅಲ್ರಿ, ತಾಸು."

ಪಂತರು ನಾಲ್ಕೂ ಲಕ್ಷಣಗಳನ್ನು ತಮ್ಮ ಬೆರಳಿನ ಮೇಲೆ ಒಮ್ಮೆ ಎಣಿಸಿ ಬಾಯಿಪಾಠ ಮಾಡಿಕೊಂಡರು. ಶಿಷ್ಯರ ಮುಖದಲ್ಲಿ ರಕ್ತ ಇಳಿದದ್ದನ್ನು ಕಂಡು ರಾಯರಿಗೆ ತೃಪ್ತಿಯಾಯಿತು. ತೃಪ್ತಿಯ ಜೊತೆಗೆ, ಎಂಟು ದಿನ ಕೂಸಿನ ಅಳುವಿನಲ್ಲಿ ನಿದ್ದೆಗೆಟ್ಟದ್ದರ ಫಲವಾಗಿ, ಆಕಳಿಕೆಯೂ ಬಂತು.

ಆಕಳಿಸುವಾಗ ಬಾಯಿಯ ಮುಂದೆ ಚಿಟಿಕೆ ಹೊಡೆಯುವುದು ಅವರ ಮನೆತನದ ಪದ್ಧತಿ. ಪುಸ್ತಕ ಕೈಗೆ ಬಂದ ಮೇಲೆ ರಾಯರು ಅದನ್ನು ಬಿಟ್ಟಿದ್ದರು. ಒಳಗಿನಿಂದ ರಂಗೂಬಾಯಿ, "ಚಿಟಿಕಿ ಹೊಡಿಯೋ ಪಂಢರಿ!" ಎಂದು ಕೂಗಿದರು. ಅತ್ತೆಗೆ ತಮ್ಮ ಧೈರ್ಯ ತೋರಿಸಲೆಂದು ರಾಯರು ಬಾಯಿಯನ್ನು ಇನ್ನೂ ಎರಡಂಗುಲ ಅಗಲ ಮಾಡಿದರು. ಎರಡೂ ಕಿವಿಗಳ ಮುಂದೆ ಟಕ್ ಎಂದಿತು.

ಟಕ್ ಎಂಬ ಸದ್ದೇನೂ ಹೊಸದಲ್ಲ. ಎರಡು ತಿಂಗಳಿಂದ ರಾಯರು ಚಕ್ಕುಲಿ ಕಡಿದಾಗಲೆಲ್ಲ ದವಡೆ ಟಕ್ ಎನ್ನುತ್ತಿತ್ತು. ಅದನ್ನವರು ಗಟ್ಟಿ ಎಲುಬಿನ ಗುರುತೆಂದು ತಿಳಿದು ಬಂದವರಿಗೆಲ್ಲ ಕೇಳಿಸುತ್ತಿದ್ದರು. ಹೊಸದೆಂದರೆ, ಈ ಸಲ ತೆರೆದ ಬಾಯಿ ಮುಚ್ಚಲಿಲ್ಲ.

ಸಭೆ ಮರ್ಯಾದೆಯಿಂದ ಕಾಯಿತು.

"ಭಾಳ ದೊಡ್ಡ ಆಕಳಿಕಿ ಅದ," ಎಂದ ಶಿವಪುತ್ರಪ್ಪ ಸ್ವಲ್ಪ ಹೊತ್ತಿನ ಮೇಲೆ.

ರಾಯರು ದವಡೆ ಸಿಕ್ಕಿಕೊಂಡಿದೆ ಎಂದು ಹೇಳಹೋದರು. "ಆ... ಅಅ... ಹ್ಹಾ" ಎಂದು ಬಂತು.

ಏಕನಾಥಪಂತರು ಒಂದು ಬೆರಳು ಮಡಿಚಿದರು. "ಮಾತು ಹೋತು," ಎಂದರು ಮೆಲ್ಲಗೆ.

ಮುಚ್ಚದ ಬಾಯಲ್ಲಿ ಜೊಲ್ಲು ನಿಲ್ಲುವುದಿಲ್ಲ. ತುಟಿಯ ಮೂಲೆಯಿಂದ ಇಳಿಯಿತು. ಪಂತರು ಎರಡನೆಯ ಬೆರಳು ಮಡಿಚಿ ಒಂದು ಮಾರು ಹಿಂದೆ ಸರಿದರು. ರಾಯರಿಗೆ ಗಾಬರಿಯಾಗಿ ಕೈಕಾಲು ನಡುಗಿದವು. ಮೂರನೆಯ ಬೆರಳು. ಏನಾಗಿದೆಯೆಂದು ತೋರಿಸಲು ರಾಯರು ನಡುಗುವ ಕೈಯನ್ನು ಕಿವಿಯ ಹತ್ತಿರ ಒಯ್ದರು. ಅಲ್ಲಿ, ಕಿವಿಯ ಮುಂದೆ, ಒಂದು ಕುಳಿ ಬಿದ್ದು ಅದರ ಆಚೆ ಅಡಿಕೆಯಷ್ಟು ಗಂಟು ಎದ್ದಿತ್ತು. ಎಲ್ಲರೂ ನೋಡಿದರು.

ನಾಲ್ಕನೆಯ ಬೆರಳು ಮಡಿಚಲು ಪಂತರು ಅಲ್ಲಿರಲಿಲ್ಲ. ಅಂಗಳದ ಆಚೆ ತುದಿಯಲ್ಲಿ ನಿಂತು ಪ್ಲೇಗ್ ಇನ್ಸ್‌ಪೆಕ್ಟರನಿಗೆ ಹೇಳಿಕಳಿಸುತ್ತಿದ್ದರು.

ರಾಯರು ಒಳಗೆ ಓಡಿ ಪುಸ್ತಕ ತೆರೆದರು. ದವಡೆಯ ವಿಷಯದಲ್ಲಿ ಅವರಿಗೆ ಸಿಕ್ಕಿದ್ದು ಧನುರ್ವಾಯು ಒಂದೇ. ದವಡೆ ಕಚ್ಚಿಕೊಳ್ಳುತ್ತದೆ, ಬಾಯಿ ತೆರೆಯಲಾಗುವುದಿಲ್ಲ, ನಾಲ್ಕು ದಿನದಲ್ಲಿ ಸಾವು ಎಂದು ಬರೆದಿತ್ತು. ತಮ್ಮದು ಮುಚ್ಚಲಾಗುತ್ತಿಲ್ಲ. ಹಾಗಾದರೆ ಇದು ಧನುರ್ವಾಯುವಿನ ತಿರುಗಾಮುರುಗಾ ಜಾತಿಯೇ ಇರಬೇಕು, ಎಂಟು ದಿನವಾದರೂ ಸಿಗಬಹುದು ಎಂದು ಲೆಕ್ಕ ಹಾಕಿದರು. ಆಮೇಲೆ ಕಿವಿಯ ಹತ್ತಿರದ ಗಂಟು ನೆನಪಾಗಿ, ಅದರ ಬಗ್ಗೆ ತಾವೇ ಹೇಳಿದ್ದ "ತಾಸು" ಎಂಬ ಮಾತೂ ನೆನಪಾಗಿ, ಬೆವರಿಳಿಯಿತು. ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ತಾವೇ ನಂಬದಿರುವುದು ಹೇಗೆ?

ರಂಗೂಬಾಯಿಯವರ ರೋಗನಿದಾನ ಬೇರೆಯಾಗಿತ್ತು. "ಚಿಟಿಕಿ ಹೊಡಿ ಅಂದ್ರ ಹೊಡೀಲಿಲ್ಲ, ಬಾಯಾಗ ಏನೋ ಹೊಕ್ಕದ," ಎಂದು ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಮುಚ್ಚಲಾಗದ ಬಾಯಲ್ಲಿ ಘಾಟು ನೆಟ್ಟಗೆ ಹೊಕ್ಕಿತು. ಒಳಗಿದ್ದದ್ದು ಹೊರಗೆ ಬರಲಿಲ್ಲ; ಕೆಮ್ಮು ಬಂತು. ಕೆಮ್ಮು ಹೊರಗೆ ಕೇಳಿದ ಕೂಡಲೇ ಶಿವಪುತ್ರಪ್ಪ ಸೀರೆಯ ಹೊರೆ ಹೆಗಲಿಗೇರಿಸಿದ. ಸರ್ಕಾರದವರು ಬಂದು ಎಳೆದೊಯ್ಯುವುದಕ್ಕಿಂತ ತಾವಾಗಿಯೇ ಜೋಪಡಿಗೆ ಹೋದರೆ ಒಳ್ಳೆಯ ಜೋಪಡಿ ಸಿಗುತ್ತದೆ ಎಂದು ಅವನ ವಿಚಾರ. ಅದು ಎಲ್ಲರಿಗೂ ಸರಿ ಕಂಡಿತು. ಅರ್ಧ ತಾಸಿನಲ್ಲಿ ವಾಡೆಯ ಏಳು ಸಂಸಾರಗಳು ಹಾಸಿಗೆ, ತಪ್ಪೇಲಿ ಕಟ್ಟಿಕೊಂಡು ಕಾತ್ರಜದ ದಾರಿ ಹಿಡಿದವು. ಆ ಏಳರಲ್ಲಿ ಪಂತರದೂ ಒಂದು; ಅವರ ಹೆಂಡತಿ ಮಕ್ಕಳೊಂದಿಗೆ ಮನೆಗೆ ಬೀಗ ಹಾಕಿಕೊಂಡು ಹೊರಟರು. ಪಂತರು ಮಾತ್ರ ಇನ್ಸ್‌ಪೆಕ್ಟರನ ದಾರಿ ಕಾಯುತ್ತ ನಿಂತರು.

ನಿಂತವರು ಸುಮ್ಮನೆ ನಿಲ್ಲಲಿಲ್ಲ. ಇಷ್ಟು ವರ್ಷದ ಬಾಡಿಗೆದಾರ, ಏನಾದರೂ ಮಾಡಬೇಕೆನಿಸಿತು. ಆದರೆ ಮುಟ್ಟುವುದು ಹೇಗೆ? ಹೆತ್ತ ಮನೆಗೆ ಹತ್ತು ದಿನ ವೃದ್ಧಿಯ ಮೈಲಿಗೆ. ತಂದೆಯಾದವನನ್ನು ಮುಟ್ಟಿದರೆ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಬಾಯಿಗೆ ಕೈ ಹಾಕಿದರೆ ಎಂಜಲು. ಇವೆರಡರ ಮೇಲೆ ಪ್ಲೇಗು. ಪಂತರು ಯೋಚಿಸಿ, ಮಡಿ ಬಟ್ಟೆಯನ್ನು ಮುಟ್ಟದೆ ಎತ್ತರದ ಗಳುವಿಗೆ ಹರವುವ ಉದ್ದನೆಯ ಕೋಲು ತಂದರು. ರಾಯರು ಘಾಟು ತಾಳದೆ ಬಾಗಿಲಿಗೆ ಬಂದು ನಿಂತಿದ್ದರು.

"ಪಂಢರಿನಾಥರಾವ್, ಅಲ್ಲೇ ನಿಂದರ್ರಿ. ನಾ ಇಲ್ಲಿಂದಲೇ ಮುಚ್ಚತೀನಿ," ಎಂದು ಕೋಲಿನ ತುದಿಯನ್ನು ರಾಯರ ಗದ್ದಕ್ಕೆ ಆನಿಸಿ ಮೇಲೆ ಒತ್ತಿದರು. ರಾಯರ ಕಣ್ಣಲ್ಲಿ ನೀರು ಬಂತು, ಕಾಲು ನೆಲ ಬಿಟ್ಟವು, ಬಾಯಿ ಮಾತ್ರ ಇದ್ದಲ್ಲೇ ಇತ್ತು. ಪಂತರು ಇನ್ನೊಮ್ಮೆ ಒತ್ತಿದರು. ಕೋಲು ಮುರಿಯಿತು.

ರಾಯರು ಸ್ಲೇಟು ತೆಗೆದುಕೊಂಡು "ಪ್ಲೇಗು ಅಲ್ಲ" ಎಂದು ಬರೆದು ತೋರಿಸಿದರು. ಹೆದರಿದ ಕೈಯಲ್ಲಿ ಬರೆದ ಅಕ್ಷರ ಗೋಡೆಯ ಮೇಲಿನ ಇರುವೆ ಸಾಲಿನ ಹಾಗೆ ಅಡ್ಡಾದಿಡ್ಡಿ ಹೋಗಿತ್ತು. "ಕೈಯೂ ಹೋತು," ಎಂದು ಪಂತರು ನಿಟ್ಟುಸಿರಿಟ್ಟರು.

ಇನ್ಸ್‌ಪೆಕ್ಟರ್ ದಿಗಂಬರರಾವ್ ಸುಣ್ಣದ ಬಕೀಟು ಹೊತ್ತ ಇಬ್ಬರು ಆಳುಗಳೊಂದಿಗೆ ಬಂದ. ತೆಳ್ಳಗಿನ ಮನುಷ್ಯ, ಮೂಗಿಗೆ ಕರ್ಪೂರದ ಅರಿವೆ ಕಟ್ಟಿಕೊಂಡಿದ್ದ. ಪಂತರು ನಾಲ್ಕು ಲಕ್ಷಣಗಳನ್ನು ಮರಾಠಿಯಲ್ಲಿ ಒಪ್ಪಿಸಿ, "ಇವನ್ನೆಲ್ಲ ಡಾಕ್ಟರೇ ಹೇಳಿದ್ದು," ಎಂದರು.

"ಡಾಕ್ಟರು ಎಲ್ಲಿ?"

"ಇವರೇ," ಎಂದು ಪಂತರು ರಾಯರ ಕಡೆ ಕೈ ತೋರಿಸಿದರು.

ತನ್ನ ಬೇನೆಯನ್ನು ತಾನೇ ಮುಂಚಿತವಾಗಿ ಘೋಷಿಸಿದ ರೋಗಿ ದಿಗಂಬರರಾವನಿಗೆ ಇವರೇ ಮೊದಲು. ಅವನು ಒಳಗೆ ಕಾಲಿಡಹೋದ. ಬಾಗಿಲಲ್ಲಿ ರಂಗೂಬಾಯಿ ನಿಂತಿದ್ದರು.

"ವೃದ್ಧಿ ಅದ," ಎಂದರು.

"ಸರ್ಕಾರಕ್ಕೆ ವೃದ್ಧಿ ಇಲ್ಲ, ಆಜಿ," ಎಂದು ಅವನು ಮರಾಠಿಯಲ್ಲಿ ಹೇಳಿದ.

"ಸರ್ಕಾರಕ್ಕ ಇಲ್ಲಪ್ಪಾ, ನಿನಗ ಅದ. ಹೊಸ್ತಲ ದಾಟು, ಆಮ್ಯಾಲೆ ಬಾವಿ ಅಲ್ಲೇ ಅದ, ತಲಿ ಮ್ಯಾಲೆ ನಾಲ್ಕು ಕೊಡ ಹಾಕ್ಕೋ."

ದಿಗಂಬರರಾವ್ ಬಾವಿಯ ಕಡೆ ನೋಡಿದ. ನೀರಿನ ಮೇಲಿಂದ ಚಳಿಯ ಹೊಗೆ ಏಳುತ್ತಿತ್ತು. ಬೆಳಿಗ್ಗೆಯೇ ಒಂದು ಸಲ ಮಿಂದು ಹಲ್ಲು ಕಟಕಟಿಸಿದವನು ಅವನು. ಹೊಸ್ತಿಲಿನಿಂದ ಹೆಜ್ಜೆ ಹಿಂದೆ ತೆಗೆದು, ಉಷ್ಣ ಅಳೆಯುವ ಗಾಜಿನ ಕೊಳವೆಯನ್ನು ಕಿಸೆಯಿಂದ ತೆಗೆದ; ಅದನ್ನು ಯಾರು ಯಾರಿಗೆ ಇಡಬೇಕೆಂದು ತಿಳಿಯದೆ ಹೊಸ್ತಿಲ ಮೇಲೆ ಇಟ್ಟ. "ಗಾಡಿಗೆ ಹೇಳಿಕಳಿಸಿದ್ದೇನೆ. ಅದು ಬರುವವರೆಗೆ ಸಮಯ. ಬಂದ ಮೇಲೆ ಇವರು ಆಸ್ಪತ್ರೆಗೆ, ನೀವು ಬಾಣಂತಿ, ಕೂಸು ಸಹಿತ ಬಯಲಿಗೆ. ಆಗ ಹೊಸ್ತಿಲನ್ನೂ ಕೇಳುವುದಿಲ್ಲ, ವೃದ್ಧಿಯನ್ನೂ ಕೇಳುವುದಿಲ್ಲ," ಎಂದ.

ಒಳಕೋಣೆಯಲ್ಲಿ ನರ್ಮದಾ ಅಳುವುದು ಕೇಳಿಸಿತು. ಬಾಯಿ ತೆರೆದುಕೊಂಡು ನಿಂತ ರಾಯರಿಗೆ ಅವಳನ್ನು ಸಮಾಧಾನ ಮಾಡಲು ಒಂದು ಶಬ್ದವೂ ಹೊರಡಲಿಲ್ಲ. ಜೀವಮಾನದಲ್ಲಿ ಅಷ್ಟು ಹೆದರಿಕೆ ಅವರಿಗೆ ಎಂದೂ ಆಗಿರಲಿಲ್ಲ. ಸಾಯುವುದಕ್ಕಲ್ಲ, ತಾವು ಕಟ್ಟೆಯ ಮೇಲೆ ಕೂತು ಆಡಿದ ನಾಲ್ಕು ಮಾತಿಗೆ ಆ ಕೂಸು ಬಯಲಲ್ಲಿ ಮಲಗಬೇಕಲ್ಲ ಎಂಬುದಕ್ಕೆ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಭೀಮವ್ವ ಬಂದಳು. ಗೋಕಾಕದ ಕಡೆಯ ಸೂಲಗಿತ್ತಿ. ಬಾಣಂತಿಗೆ, ಕೂಸಿಗೆ ಎರೆಯಲು ದಿನಾ ಬರುತ್ತಿದ್ದಳು. ಅಪ್ಪ ಗರಡಿಮನೆಯಲ್ಲಿ ಮುರಿದ ಕೈಕಾಲು ಕೂಡಿಸುತ್ತಿದ್ದವನು. ಅವನ ಕೈಗುಣ ಇವಳಿಗೆ ಬಂದಿತ್ತು. ವೃದ್ಧಿಯ ಮನೆಯಲ್ಲೇ ಅವಳ ಕಸುಬು, ಆದ್ದರಿಂದ ಮುಟ್ಟುವುದಕ್ಕೆ ಅಂಜುವ ಪ್ರಶ್ನೆಯೇ ಅವಳಿಗಿರಲಿಲ್ಲ.

"ಊರ ಮಂದಿ ಎಲ್ಲಾ ಎಲ್ಲಿ ಹ್ವಾದ್ರು? ಯಾರು ಸತ್ರು?" ಎಂದಳು.

"ಇನ್ನೂ ಯಾರೂ ಇಲ್ಲ. ನಮ್ಮ ಪಂಢರಿ ನೋಡು," ಎಂದರು ರಂಗೂಬಾಯಿ ಕಣ್ಣೊರೆಸಿಕೊಳ್ಳುತ್ತ.

ಭೀಮವ್ವ ಹತ್ತಿರ ಬಂದು ಎರಡೂ ಕಿವಿಯ ಮುಂದೆ ಬೆರಳಿಟ್ಟು ನೋಡಿದಳು. ಹಣೆ ಮುಟ್ಟಿದಳು.

"ಇದು ಬ್ಯಾನಿ ಅಲ್ರಿ, ಕೀಲು ಜಾರ್ಯದ. ಇಲ್ಲಿ ಕಿವಿ ಮುಂದ ದವಡಿ ಕೀಲು ಇರತದ. ಬಾಯಿ ತೆರದಾಗ ಮುಂದ ಸರೀತದ, ಮುಚ್ಚಿದಾಗ ಒಳಗ ಹೋಗಿ ಕುಂದರತದ. ರಾಯರದು ಸಡಲ ಆಗಿತ್ತು, ಅದಕ್ಕ ಟಕ್ ಟಕ್ ಅಂತಿತ್ತು. ಇವತ್ತ ಹೊಸ್ತಲ ದಾಟಿ ಹೊರಗ ನಿಂತದ. ಯಾರಾದ್ರೂ ಮ್ಯಾಲೆ ದೂಡೀರೇನು?"

ಅಂಗಳದಲ್ಲಿ ಪಂತರು ಮುರಿದ ಕೋಲನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ಮ್ಯಾಲೆ ದೂಡಿದ್ರ ಹೊಸ್ತಲಕ್ಕ ಬಡಕೋತದ. ಮೊದಲ ಕೆಳಗ ಒತ್ತಬೇಕು, ಆಮ್ಯಾಲೆ ಹಿಂದ ದೂಡಬೇಕು. ರಾಯರ, ನೆಲಕ್ಕ ಕುಂದರ್ರಿ, ತಲಿ ಗ್ವಾಡಿಗೆ ಹಚ್ಚರಿ."

ಅವಳು ಎರಡೂ ಹೆಬ್ಬೆರಳಿಗೆ ದಪ್ಪಗೆ ಅರಿವೆ ಸುತ್ತಿಕೊಂಡಳು. ಏಕೆಂದು ರಾಯರು ಕಣ್ಣಲ್ಲೇ ಕೇಳಿದರು. "ಕೀಲು ಒಳಗ ಬಿದ್ದ ಕೂಡಲೇ ಹಲ್ಲು ಕಚ್ಚತಾವರಿ. ನನ್ನ ಬೆರಳು ನನಗ ಬೇಕು," ಎಂದಳು. ಇಷ್ಟು ಹೊತ್ತು ತಮಗಾಗಿ, ಕೂಸಿಗಾಗಿ ಹೆದರಿದ್ದ ರಾಯರಿಗೆ ಈಗ ಅವಳ ಬೆರಳಿಗಾಗಿಯೂ ಹೆದರಿಕೆ ಹುಟ್ಟಿತು. ರಂಗೂಬಾಯಿ ತಲೆ ಹಿಡಿದರು. ಭೀಮವ್ವ ಹೆಬ್ಬೆರಳುಗಳನ್ನು ಒಳಗಿನ ಹಲ್ಲುಗಳ ಮೇಲಿಟ್ಟು ಕೆಳಗೆ ಒತ್ತಿದಳು. ದವಡೆ ಕಲ್ಲಿನ ಹಾಗೆ ನಿಂತಿತು. ಮತ್ತೆ ಒತ್ತಿದಳು. ಅಲುಗಲಿಲ್ಲ.

"ಹೆದರಬ್ಯಾಡ್ರಿ ಯಪ್ಪಾ! ನೀವು ಹೆದರಿದಷ್ಟು ಅದು ಬಿಗೀತದ. ಮೈ ಸಡಲ ಬಿಡ್ರಿ."

ಹೆದರಬೇಡ ಎಂದು ಹೇಳಿಸಿಕೊಂಡು ಹೆದರಿಕೆ ಬಿಟ್ಟವನು ಇನ್ನೂ ಹುಟ್ಟಿಲ್ಲ. ಹೊರಗೆ ಬೀದಿಯ ಕಲ್ಲುಗಳ ಮೇಲೆ ಗಾಡಿಯ ಚಕ್ರದ ಸದ್ದು ಕೇಳಿಸಿತು. ರಾಯರ ಕುತ್ತಿಗೆಯ ನರಗಳೆಲ್ಲ ಹಗ್ಗದ ಹಾಗೆ ಸೆಟೆದು ನಿಂತವು. ಭೀಮವ್ವ ಕೈ ತೆಗೆದಳು. "ಹಿಂಗಾದ್ರ ಆಗೂದಿಲ್ರಿ," ಎಂದು ಮೊದಲ ಸಲ ಅವಳ ದನಿಯೂ ಇಳಿಯಿತು.

ಒಳಕೋಣೆಯ ಬಾಗಿಲು ತೆರೆಯಿತು. ತಲೆಗೆ ಅರಿವೆ ಕಟ್ಟಿಕೊಂಡ ನರ್ಮದಾ ಕೂಸನ್ನು ಎತ್ತಿಕೊಂಡು ಬಂದಳು. ಎಂಟನೆಯ ದಿನಕ್ಕೆ ಬಾಣಂತಿ ನಡುಮನೆಗೆ ಬರುವುದೇ? ರಂಗೂಬಾಯಿ, "ಇಂಥಾ ಗಾಳ್ಯಾಗ ಹೊರಗ ಬರ್ತಾರೇನ ಹುಚ್ಚಿ!" ಎಂದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡನ ಎದುರು ಕೂತು, ಕೂಸನ್ನು ಅವರ ತೊಡೆಯ ಮೇಲೆ ಇಟ್ಟಳು.

"ಇವನ್ನ ಹಿಡೀರಿ. ಕುತಗಿ ನಿಂತಿಲ್ಲ ಇನ್ನ, ಬಿಗಿ ಹಿಡೀಬ್ಯಾಡ್ರಿ. ಮೆತ್ತಗ. ಕೈ ನಡಗಬಾರದು," ಎಂದಳು.

ರಾಯರು ಮಗನನ್ನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಅಂದು. ಪುಸ್ತಕ ಓದಿ ಓದಿ, ಎಲ್ಲಿ ಏನಾಗುತ್ತದೋ ಎಂದು ಇಷ್ಟು ದಿನ ದೂರದಿಂದಲೇ ನೋಡಿದ್ದರು. ಎಣ್ಣೆಯ ವಾಸನೆ, ಬೆಚ್ಚಗಿನ ಸಣ್ಣ ತಲೆ. ಎಲ್ಲಿ ಬಿಗಿಯಾಗುತ್ತದೋ ಎಂದು ಬೆರಳು ಸಡಿಲಿಸಿದರು, ಮೊಳಕೈ ಸಡಿಲಿಸಿದರು, ಹೆಗಲು ಇಳಿಸಿದರು. ಕೂಸು ಕಣ್ಣು ತೆರೆದು ಅಪ್ಪನ ತೆರೆದ ಬಾಯಿಯನ್ನೇ ನೋಡಿತು. ಗಾಡಿಯನ್ನು, ಇನ್ಸ್‌ಪೆಕ್ಟರನನ್ನು, ಭೀಮವ್ವನ ಹೆಬ್ಬೆರಳುಗಳನ್ನು ರಾಯರು ಒಂದು ಗಳಿಗೆ ಮರೆತರು.

ಅದೇ ಗಳಿಗೆಗೆ ಭೀಮವ್ವ ಒತ್ತಿದಳು. ಕೆಳಗೆ, ಹಿಂದೆ. ಟಕ್!

ಹಲ್ಲು ಅರಿವೆಯನ್ನು ಕಚ್ಚಿದವು. "ಬಿಡ್ರಿ, ಬಿಡ್ರಿ!" ಎಂದು ಅವಳು ಬೆರಳು ಎಳೆದುಕೊಂಡಳು. ಬಾಯಿ ಮುಚ್ಚಿತ್ತು. ಕಿವಿಯ ಮುಂದಿನ ಗಂಟು ಮಾಯವಾಗಿತ್ತು. ಭೀಮವ್ವ ತಡಮಾಡದೆ ಗದ್ದದಿಂದ ನೆತ್ತಿಯವರೆಗೆ ಪಟ್ಟಿ ಕಟ್ಟಿದಳು. "ಹದಿನೈದು ದಿವಸ ಗಂಜಿ, ಮೆತ್ತನ್ನ ಅನ್ನ. ಚಕ್ಕುಲಿ ಹೆಸರೂ ಎತ್ತಬ್ಯಾಡ್ರಿ. ಬಿಸಿ ಅರಿವಿ ಕಾಸರಿ. ಆಕಳಿಕಿ ಬಂದ್ರ ಗದ್ದದ ಕೆಳಗ ಮುಷ್ಟಿ ಹಿಡೀರಿ, ಬಾಯಿ ಅಗಲ ಆಗಬಾರದು. ಒಮ್ಮೆ ಜಾರಿದ್ದು ಮತ್ತ ಜಾರತದ."

ಇನ್ಸ್‌ಪೆಕ್ಟರ್ ಬಾಗಿಲಿಗೆ ಬಂದಾಗ ರೋಗಿ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಕೂತಿದ್ದು ಕಂಡಿತು. ಗಂಟು ಮುಚ್ಚಿಡಲು ಹೀಗೆ ಕಟ್ಟುವವರನ್ನು ಅವನು ಬೇಕಾದಷ್ಟು ನೋಡಿದ್ದ. ಭೀಮವ್ವ ಪಟ್ಟಿ ಸರಿಸಿ ಎರಡೂ ಕಿವಿ ತೋರಿಸಿದಳು, ಹೊಸ್ತಿಲ ಮೇಲಿನ ಕೊಳವೆಯನ್ನು ರಾಯರ ಬಗಲಲ್ಲಿಟ್ಟು ತಂದುಕೊಟ್ಟಳು. ಜ್ವರ ಇರಲಿಲ್ಲ. ಆದರೂ ಅವನಿಗೆ ಪೂರಾ ನಂಬಿಕೆ ಬರಲಿಲ್ಲ.

"ಏನಾಯಿತೆಂದು ನೀವೇ ಹೇಳಿ," ಎಂದ ಮರಾಠಿಯಲ್ಲಿ. "ಒಂದು ಮಾತು ತೊದಲಿದರೂ ಗಾಡಿ ಇಲ್ಲೇ ಇದೆ."

ರಾಯರ ನಾಲಿಗೆಯ ತುದಿಗೆ ಪುಸ್ತಕದ ಉದ್ದುದ್ದ ಇಂಗ್ಲಿಷ್ ಶಬ್ದಗಳು ಬಂದು ನಿಂತವು. ಪಟ್ಟಿ ಕಟ್ಟಿದ ದವಡೆಯಲ್ಲಿ ಅವುಗಳಲ್ಲಿ ಒಂದೂ ಸರಿಯಾಗಿ ಹೊರಡುವಂತಿರಲಿಲ್ಲ. ನರ್ಮದಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ರಾಯರು ಉದ್ದದ್ದನ್ನೆಲ್ಲ ನುಂಗಿ, ಹಲ್ಲು ಬಿಡದೆ, ಒಂದೊಂದೇ ಶಬ್ದವನ್ನು ನೆಲದ ಮೇಲೆ ಇಟ್ಟ ಹಾಗೆ ಮರಾಠಿಯಲ್ಲಿ ಹೇಳಿದರು: "ಆಕಳಿಸಿದೆ. ದವಡೆ ಜಾರಿತು. ಈ ಹೆಂಗಸು ಕೂಡಿಸಿದಳು."

"ಮತ್ತೆ ನೀವು ಡಾಕ್ಟರಂತಲ್ಲ?"

"ಅಲ್ಲ. ನನಗೆ ಏನೂ ಗೊತ್ತಿಲ್ಲ."

ರಾಯರು ಅದುವರೆಗೆ ಕೊಟ್ಟ ವೈದ್ಯಕೀಯ ಅಭಿಪ್ರಾಯಗಳಲ್ಲಿ ಸರಿಯಾದದ್ದು ಅದೊಂದೇ. ಇನ್ಸ್‌ಪೆಕ್ಟರ್ ಅದನ್ನು ಕೂಡಲೇ ಒಪ್ಪಿಕೊಂಡು, ಗಾಡಿಯನ್ನು ತಿರುಗಿಸಿ ಹೊರಟುಹೋದ.

ಅಂಗಳದಲ್ಲಿ ಏಕನಾಥಪಂತರು ಒಬ್ಬರೇ ಉಳಿದರು. ಮನೆಗೆ ಬೀಗ. ಬೀಗದ ಕೈ ಹೆಂಡತಿಯ ಸೆರಗಿನಲ್ಲಿ, ಹೆಂಡತಿ ಕಾತ್ರಜದ ದಾರಿಯಲ್ಲಿ. ಮಧ್ಯಾಹ್ನ ತಿರುಗಿತ್ತು. ರಂಗೂಬಾಯಿಯ ಒಲೆಯಿಂದ ಸಾರಿನ ವಾಸನೆ ಬರುತ್ತಿತ್ತು.

"ರಂಗೂಬಾಯಿ, ನಾ ಮೊದಲಿಂದನೂ ಹೇಳತಿದ್ದೆ, ಇದು ಪ್ಲೇಗು ಅಲ್ಲ ಅಂತ," ಎಂದು ಪಂತರು ಎರಡು ಹೆಜ್ಜೆ ಹತ್ತಿರ ಬಂದರು.

"ಹೌದ್ರಿ ಪಂತರ. ಕುಂದರ್ರಿ, ಊಟಾ ಮಾಡ್ರಿ ಅಂತ ಅನ್ನೂದಿತ್ತು," ಎಂದರು ರಂಗೂಬಾಯಿ ಬಹಳ ವಿನಯದಿಂದ. "ಆದ್ರ ವೃದ್ಧಿ ನೋಡ್ರಿ. ಇನ್ನೆರಡು ದಿವಸ ನಮ್ಮ ಮನಿ ನೀರೂ ನೀವು ಮುಟ್ಟೂಹಂಗಿಲ್ಲ."

ಪಂತರು ಖಾಲಿ ವಾಡೆಯ ಏಳು ಬೀಗಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಪಗಡಿ ಸರಿಮಾಡಿಕೊಂಡು, ಮುರಿದ ಕೋಲನ್ನೇ ಊರುತ್ತ, ತಮ್ಮ ಜೋಪಡಿಯನ್ನು ಹುಡುಕಿಕೊಂಡು ಬಯಲಿನ ದಾರಿ ಹಿಡಿದರು.

ಮರಳಿ ಒಳಕೋಣೆ ಸೇರಿದ್ದ ನರ್ಮದಾ ಕಿಟಕಿಯಿಂದ ಅದನ್ನು ನೋಡಿದಳು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ತಡೆಯಲಾಗದೆ ನಕ್ಕಳು. ಆ ನಗು ನಿಲ್ಲಲೇ ಇಲ್ಲ. ಖಾಲಿ ವಾಡೆಯ ತುಂಬ ಕೇಳಿಸಿತು. ಇನ್ನು ಆ ಸದ್ದು ತಮ್ಮ ಮನೆಯಲ್ಲಿ ಕೇಳಿಸುವುದಿಲ್ಲ ಎಂದು ಬೆಳಗಿನಿಂದ ಹೆದರಿದ್ದ ರಾಯರಿಗೆ ತಾವೂ ಜೋರಾಗಿ ನಗಬೇಕೆನಿಸಿತು. ಆದರೆ ದವಡೆಯನ್ನು ನೆನೆದು, ಎರಡೂ ಮುಷ್ಟಿಗಳನ್ನು ಗದ್ದದ ಕೆಳಗೆ ಗಟ್ಟಿಯಾಗಿ ಒತ್ತಿಕೊಂಡು, ಬಾಗಿಲ ಆಚೆ ಗೋಡೆಗೆ ಒರಗಿ ಕೂತರು. ಕಣ್ಣೀರಿಗೆ ಮಾತ್ರ ಭೀಮವ್ವ ಪಟ್ಟಿ ಕಟ್ಟಿರಲಿಲ್ಲ. ಅದು ಇಳಿಯುತ್ತಲೇ ಇತ್ತು.